ಕಬ್ಬಿಣದ ಪಟ್ಟಿಯ ಕೆಳಗಿನ ಹೆಸರು

ಹಾಲೇಶ, ಚನ್ನಗಿರಿಯ ಪಾತ್ರೆ ಅಂಗಡಿಯ ಬೋರ್ಡಿನ ಮೂಲೆಯಲ್ಲಿದ್ದ ನಿನ್ನ ಹೆಸರಿನ ಮೇಲೆ ಕಬ್ಬಿಣದ ಪಟ್ಟಿ ಹೊಡೆಸಿದವನು ನಾನು. ಅದು ವೆಲ್ಡರನ ಕೈತಪ್ಪಲ್ಲ. ಮುಂದೆ ನಿನ್ನನ್ನು ಹುಡುಕಿಕೊಂಡು ಬಂದವರಿಗೆ ಸುಳ್ಳು ಹೇಳಿ ಹಿಂದಕ್ಕೆ ಕಳಿಸಿದವನೂ ನಾನೇ. ಒಂದು ಒತ್ತಕ್ಷರ ಜಾರಿದರೂ ಮಕ್ಕಳನ್ನು ನಿಲ್ಲಿಸಿ ತಿದ್ದಿಸುತ್ತಿದ್ದವನು — ನನ್ನ ಈ ಸುಳ್ಳನ್ನು ಮೂರು ವರ್ಷ ತಿದ್ದದೆ ಬಿಟ್ಟೆ.

ಇದನ್ನು ನಿನಗೊಬ್ಬನಿಗೇ ಬರೆದು ಕಳಿಸಬಹುದಿತ್ತು. ಆದರೆ ಸುಳ್ಳನ್ನು ಪರರ ಮುಂದೆ ಹೇಳಿದ್ದೆ. ನಿಜವನ್ನು ಮಾತ್ರ ಗುಟ್ಟಾಗಿ ಹೇಳುವುದು ಸರಿಯೆನಿಸಲಿಲ್ಲ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಸೇರಿಸಿ, ಎಲ್ಲರೂ ಓದುವಂತೆ ಮೊದಲಿನಿಂದ ಬರೆಯುತ್ತಿದ್ದೇನೆ.

ಹೊನ್ನಾಳಿಯಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಖಾಸಗಿ ಶಾಲೆ ಮುಚ್ಚಿದಾಗ, ಕಪ್ಪುಹಲಗೆಯ ಮೇಲೆ ದುಂಡಾಗಿ ಬರೆಯುವ ಕೈಯೊಂದೇ ನನ್ನ ಬಳಿ ಉಳಿದಿತ್ತು. ಅದನ್ನೇ ನಂಬಿ ಅಂಗಡಿ ಬೋರ್ಡು ಬರೆಯುವ ಕೆಲಸಕ್ಕಿಳಿದೆ. ನ್ಯಾಮತಿಯಲ್ಲಿ ನೀನು ಆಗಲೇ ಬರೆಯುತ್ತಿದ್ದೆ. ನಾನು ತಗಡಿನ ಉದ್ದಗಲ ಅಳೆದು, ಸುಣ್ಣ ಸವರಿದ ದಾರ ಎಳೆದು ಗೆರೆ ಮೂಡಿಸಿ, ಪೆನ್ಸಿಲಿನಲ್ಲಿ ಅಕ್ಷರಗಳಿಗೆ ಜಾಗ ಹಂಚಿ, ಆಮೇಲೆ ಬ್ರಶ್ ಎತ್ತುತ್ತಿದ್ದೆ. ನೀನು ತಲೆ ವಾರೆ ಮಾಡಿ ತಗಡನ್ನೊಮ್ಮೆ ನೋಡುತ್ತಿದ್ದೆ, ಅಷ್ಟೇ. ಮೊದಲನೆಯ ಅಕ್ಷರದಿಂದ ಹೊರಟರೆ ಕೊನೆಯದು ತನ್ನ ಜಾಗದಲ್ಲಿ ಬಂದು ಕೂರುತ್ತಿತ್ತು. ಜನ ನನ್ನ ಬೋರ್ಡುಗಳನ್ನು ಓದಿ ಮುಂದೆ ಹೋಗುತ್ತಿದ್ದರು. ನಿನ್ನವುಗಳ ಮುಂದೆ ನಿಲ್ಲುತ್ತಿದ್ದರು.

ಬರೆದವರು ಬೋರ್ಡಿನ ಬಲಗಡೆಯ ಕೆಳಮೂಲೆಯಲ್ಲಿ ಸಣ್ಣಗೆ ಹೆಸರು ಹಾಕಿಕೊಳ್ಳುವುದು ನಮ್ಮ ಕಸುಬಿನ ರೂಢಿ. ಆ ಹೆಸರಿನ ಜೊತೆಗೆ ಏನು ಸೇರಿಸಬೇಕೆಂದು ನೀನು ಒಂದು ದಿನ ನನ್ನನ್ನು ಕೇಳಲು ಬಂದೆ. ನೆನಪಿದೆಯೆ?

"ಮೇಷ್ಟ್ರೇ, ಮೂಲ್ಯಾಗೆ ಏನಂತ ಬರ್ಕಳ್ಳಲಿ? ಪೇಂಟರ್ ಅಂತ ಹಾಕಿದ್ರೆ ಮನೆಗೆ ಸುಣ್ಣ ಬಳಿಯಾಕೆ ಕರೀತಾರೆ. ಆರ್ಟಿಸ್ಟ್ ಅಂತ ಹಾಕಿದ್ರೆ ಯಾವ ನಾಟಕದ ಕಂಪನಿ ಅಂತ ಕೇಳ್ತಾರೆ. ಕಲಾವಿದ ಅಂದ್ರೆ ಹೆಂಗೆ?"

ಮೂವರು ಗಿರಾಕಿಗಳ ಎದುರು, ತರಗತಿಯಲ್ಲಿ ನಿಂತವನಂತೆ ಹೇಳಿದೆ: "ಕಲಾವಿದ ಅನ್ನೋದು ಬೇರೆಯವರು ಕೊಡಬೇಕಾದ ಹೆಸರು, ಹಾಲೇಶ. ತಾನೇ ಇಟ್ಟುಕೊಳ್ಳೋದಲ್ಲ."

ಆ ಹೊತ್ತಿನಲ್ಲಿ ನನ್ನ ಮೇಜಿನ ಮೇಲೆ ನನ್ನದೇ ವಿಳಾಸದ ಕಾರ್ಡುಗಳ ಕಟ್ಟು ಇತ್ತು. ಅದರಲ್ಲಿ ನನ್ನ ಹೆಸರಿನ ಕೆಳಗೆ 'ಕಲಾವಿದರು' ಎಂದು ಅಚ್ಚಾಗಿತ್ತು. ಅದರ ಮೇಲೆ ಸ್ಕೇಲು ಸರಿಸಿದೆ. ನೀನು ನೋಡಲಿಲ್ಲವೋ — ನೋಡಿಯೂ ಸುಮ್ಮನಾದೆಯೋ.

ನೀನು ನಕ್ಕೆ. "ಅದೂ ಸರೀನೇ ಬಿಡ್ರಿ. ನಾನು ಬರೆದೋನು, ಅಷ್ಟೇ. ಅದನ್ನೇ ಹಾಕ್ಕೊಂತೀನಿ."

ಅಂದಿನಿಂದ ನಿನ್ನ ಬೋರ್ಡುಗಳ ಮೂಲೆಯಲ್ಲಿ 'ಬರೆದವನು ಹಾಲೇಶ, ನ್ಯಾಮತಿ' ಎಂದು ಕಾಣಿಸಿಕೊಳ್ಳತೊಡಗಿತು. ಅದರಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ನಾನು ಮಾತ್ರ ಹೆಸರು ಬದಲಿಸುತ್ತಲೇ ಹೋದೆ. ಬ್ರಶ್ಶಿನ ಕಾಲದಲ್ಲಿ ನನ್ನ ಅಂಗಡಿ 'ಆರ್ಟ್ಸ್' ಆಗಿತ್ತು. ಕಂಪ್ಯೂಟರ್ ತಂದಾಗ 'ಗ್ರಾಫಿಕ್ಸ್' ಆಯಿತು. ಫ್ಲೆಕ್ಸ್ ಯಂತ್ರ ಬಂದಾಗ 'ಡಿಜಿಟಲ್ಸ್' ಆಯಿತು. ಈಗ 'ಸೈನ್ ಸಲ್ಯೂಷನ್ಸ್' — ಕನ್ನಡ ಮೇಷ್ಟ್ರ ಅಂಗಡಿ! "ನಿಮ್ಮ ಅಂಗಡಿಗೆ ವರ್ಷಕ್ಕೊಂದು ನಾಮಕರಣ ಆಗ್ತೈತೆ ಮೇಷ್ಟ್ರೇ, ತೊಟ್ಟಿಲು ಮಾತ್ರ ಹಳೇದೇ" ಎಂದು ನೀನು ಚೇಷ್ಟೆ ಮಾಡಿದ್ದೆ. ನಾನೂ ನಕ್ಕಿದ್ದೆ. ಒಳಗೆ ನಕ್ಕಿರಲಿಲ್ಲ.

ಚನ್ನಗಿರಿಯ ಬೋರ್ಡು ನೀನು ಬರೆದವುಗಳಲ್ಲೆಲ್ಲ ಒಳ್ಳೆಯದು. ಕಡುನೀಲಿಯ ಮೇಲೆ ಬಿಳಿ ಅಕ್ಷರ, ಅಂಚಿಗೆ ಕೆಂಪು ನೆರಳು. ಹೊಸದಾಗಿ ತೂಗುಹಾಕಿದ ವಾರವೇ ಕೆಲಸವಿಲ್ಲದಿದ್ದರೂ ಬಸ್ಸು ಹತ್ತಿ ಹೋಗಿ ನೋಡಿದೆ. ಇನ್ನೊಮ್ಮೆ ಹೋದಾಗ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಅಂಗಡಿಯವರಲ್ಲಿ ಏಣಿ ಕೇಳಿ ಪಡೆದು, ಅಳತೆ ಬೇಕಾಗಿದೆ ಎಂದು ನೆಪ ಹೇಳಿ, ನಿನ್ನ ಅಕ್ಷರಗಳಿಗೆ ಸ್ಕೇಲು ಹಿಡಿದೆ. ಒಂದಕ್ಕೊಂದು ಸಮವಿರಲಿಲ್ಲ. 'ಪಾ' ತುಸು ಹಿಗ್ಗಿತ್ತು, 'ತ್ರೆ' ಅದಕ್ಕೆ ಜಾಗ ಬಿಟ್ಟು ಸರಿದಿತ್ತು. ತಪ್ಪು ಸಿಕ್ಕಿತೆಂದು ಇಳಿದು ಬಂದು, ರಸ್ತೆಯ ಆಚೆ ನಿಂತು ನೋಡಿದೆ. ಆ ಅಸಮವೇ ಅದರ ಚೆಲುವು. ನನ್ನ ದಾರ, ನನ್ನ ಪೆನ್ಸಿಲ್ಲು, ನನ್ನ ಹಂಚಿಕೆ — ಯಾವುದೂ ನನ್ನನ್ನು ಅಲ್ಲಿಗೆ ಮುಟ್ಟಿಸಲಾರದೆಂದು ಆಗ ತಿಳಿಯಿತು. ಅಂದಿನ ಹೊಟ್ಟೆಯುರಿ ಇಂದಿಗೂ ಪೂರ್ತಿ ಆರಿಲ್ಲ. ಸುಳ್ಳು ಬೇಡ.

ಮುಂದೆ ಅದೇ ಅಂಗಡಿಗೆ ಫ್ಲೆಕ್ಸ್ ಹಾಕುವ ಕೆಲಸ ನನಗೆ ಬಂತು. ಹಳೆಯ ಬೋರ್ಡನ್ನು ಇಳಿಸೋಣವೆಂದೆ. ಯಜಮಾನರು ಒಪ್ಪಲಿಲ್ಲ. "ಅದು ಇರ್ಲಿ ಬಿಡ್ರಿ, ಲಕ್ಷಣವಾಗೈತೆ. ನಿಮ್ದನ್ನ ಅದರ ಕೆಳಗೆ ಹಾಕ್ರಿ." ನಿಮ್ದನ್ನ ಅದರ ಕೆಳಗೆ! ಫ್ಲೆಕ್ಸಿನ ಚೌಕಟ್ಟಿಗೆ ಆಸರೆಯಾಗಿ ಮೇಲಕ್ಕೊಂದು ಕಬ್ಬಿಣದ ಪಟ್ಟಿ ಬೇಕಿತ್ತು. ಏಣಿಯ ಮೇಲಿದ್ದ ವೆಲ್ಡರ್ ಕೂಗಿ ಕೇಳಿದ:

"ಸಾರ್, ಇಲ್ಲಿ ಹೊಡೆದ್ರೆ ಬರೆದೋರ ಹೆಸರು ಮುಚ್ಚತೈತೆ. ಒಂದು ಗೇಣು ಆಚೆ ತಗಳ್ಳಲಾ?"

"ಅಲ್ಲೇ ಹೊಡಿ" ಎಂದೆ.

ಒಂದು ಗೇಣು. ಅಷ್ಟರಲ್ಲೇ ನಿನ್ನ ಹೆಸರು ಉಳಿಯುತ್ತಿತ್ತು. ಪಟ್ಟಿ ಕೂತಿತು, ಅದರ ಕೆಳಗೆ, ಫ್ಲೆಕ್ಸಿನ ಮೂಲೆಯಲ್ಲಿ, ನನ್ನ ಅಂಗಡಿಯ ಹೆಸರೂ ಫೋನ್ ನಂಬರೂ ಎದ್ದು ಕಂಡವು. ನಿನಗೆ ಸುದ್ದಿ ಮುಟ್ಟಿದಾಗ, ವೆಲ್ಡರ್ ನೋಡದೆ ಹೊಡೆದುಬಿಟ್ಟ ಎಂದು ನಾನೇ ಹೇಳಿದೆ. "ಹೋಗ್ಲಿ ಬಿಡ್ರಿ, ಅಕ್ಷರ ಕಾಣ್ತಾವಲ್ಲ" ಎಂದೆ ನೀನು.

ಆ ಅಕ್ಷರಗಳನ್ನು ನೋಡಿಯೇ, ಮೂರು ವರ್ಷದ ಹಿಂದೆ, ಜಗಳೂರಿನ ಕಡೆಯಿಂದ ಒಬ್ಬ ಮಹಿಳೆ ನನ್ನ ಅಂಗಡಿಗೆ ಬಂದರು. ಅಲ್ಲಿ ಮಕ್ಕಳಿಗಾಗಿ ಓದುವ ಮನೆಯೊಂದನ್ನು ಕಟ್ಟಿಸುತ್ತಿದ್ದರು. ಪಾತ್ರೆ ಅಂಗಡಿಯ ಯಜಮಾನರು ಆಗಲೇ ತೀರಿಕೊಂಡಿದ್ದರು. ಅಂಗಡಿ ನೋಡಿಕೊಳ್ಳುತ್ತಿದ್ದ ಅಳಿಯನಿಗೆ ಬರೆದವರಾರೆಂದು ತಿಳಿಯದು. ಬೋರ್ಡಿನ ಕೆಳಗಿದ್ದ ನನ್ನ ನಂಬರು ತೋರಿಸಿದ್ದ. ಗೋಡೆಗಳ ತುಂಬ ಅಕ್ಷರಮಾಲೆ ಬರೆಸಬೇಕು, ಕಪಾಟುಗಳಿಗೆಲ್ಲ ಕೈಯಿಂದಲೇ ಹೆಸರು ಬರೆಸಬೇಕು, ಆಮೇಲೆ ವಾರಕ್ಕೆರಡು ದಿನ ಮಕ್ಕಳಿಗೆ ಬ್ರಶ್ ಹಿಡಿಯಲು ಕಲಿಸಬೇಕು — ಇಷ್ಟೆಲ್ಲ ಹೇಳಿ ಅವರು ಕೇಳಿದರು: "ಆ ಕಲಾವಿದರು ಎಲ್ಲಿದ್ದಾರೆ ಸರ್?"

ಕಲಾವಿದರು. ಬೇರೆಯವರು ಕೊಡಬೇಕಾದ ಹೆಸರೆಂದು ನಾನೇ ಹೇಳಿದ್ದೆನಲ್ಲ — ಕೊಡುವವರು ನನ್ನ ಬಾಗಿಲಿಗೇ ಬಂದು ನಿಂತಿದ್ದರು, ನಿನಗಾಗಿ. ನನ್ನ ಗೋಡೆಯ ಮೇಲೆ ನಾನು ಮಾಡಿದ ಹತ್ತಾರು ಮಾದರಿಗಳಿದ್ದವು. ಅವರ ಕಣ್ಣು ಒಂದರ ಮೇಲೂ ನಿಲ್ಲಲಿಲ್ಲ.

"ಅದನ್ನ ಬರೆದವರು ಈಗ ಇಲ್ಲ, ಮೇಡಂ" ಎಂದೆ.

ಅವರು "ಅಯ್ಯೋ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಏನೆಂದು ತಿಳಿದರೆಂಬುದು ನನಗೆ ಗೊತ್ತಾಯಿತು. ನಾನು ಅವರನ್ನು ತಿದ್ದಲಿಲ್ಲ. ಹಾಗೆ ತಿಳಿಯಲೆಂದೇ ಹೇಳಿದ್ದೆ. ಅವರು ವಿಳಾಸದ ಚೀಟಿ ಕೊಟ್ಟು ಹೋದರು. ವಾರದ ನಂತರ ಆ ಕೆಲಸವನ್ನು ನನಗೇ ವಹಿಸಿದರು. ನೀನು ಬರೆಯಬೇಕಾಗಿದ್ದ ಗೋಡೆಗಳಿಗೆ ಯಂತ್ರ ಕತ್ತರಿಸಿದ ಸ್ಟಿಕ್ಕರ್ ಅಕ್ಷರಗಳನ್ನು ಅಂಟಿಸಿ ಬಂದೆ. ಎಲ್ಲವೂ ಸಮವಾಗಿದ್ದವು.

ಅದೇ ತಿಂಗಳು ನೀನು ಬಂದೆ. ಕಂಕುಳಲ್ಲಿ ಬ್ರಶ್ಶಿನ ಪೆಟ್ಟಿಗೆಯಿತ್ತು. "ಯಾರಾದ್ರೂ ಕೇಳ್ಕಂಡು ಬಂದಿದ್ರಾ ಮೇಷ್ಟ್ರೇ?" ಎಂದೆ — ಎಂದಿನಂತೆ, ಸುಮ್ಮನೆ. ಆಗಲೂ ಹೇಳಬಹುದಿತ್ತು. ಸ್ಟಿಕ್ಕರ್ ಕಿತ್ತುಹಾಕಬಹುದಿತ್ತು, ಚೀಟಿ ನನ್ನ ಮೇಜಿನ ಖಾನೆಯಲ್ಲೇ ಇತ್ತು.

"ಇಲ್ಲ" ಎಂದೆ.

"ಹಂಗಾದ್ರೆ ಮುಗೀತು. ಪೇಂಟ್ ಅಂಗಡ್ಯಾಗೆ ಕೆಲ್ಸಕ್ಕೆ ಕರ್ದಾರೆ, ಹೋಗ್ತೀನಿ. ಈ ಪೆಟ್ಟಿಗೆ ನಿಮ್ಮತ್ರ ಇರ್ಲಿ. ಮನ್ಯಾಗಿದ್ರೆ ಕೈ ಸುಮ್ನಿರಾಕಿಲ್ಲ."

ಪೆಟ್ಟಿಗೆ ಇಸಿದುಕೊಂಡೆ. ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೂದಲಿಗೆ ಕೊಬ್ಬರಿ ಎಣ್ಣೆ ಸವರಿ, ಬಟ್ಟೆ ಸುತ್ತಿಟ್ಟಿದ್ದೆ ನೀನು, ಮತ್ತೆ ಬೇಕಾಗುತ್ತವೆ ಎಂಬವನಂತೆ. ನೀನು ಮೆಟ್ಟಿಲಿಳಿದು ಹೋದಾಗ ನನ್ನಲ್ಲಿ ಮೊದಲು ಹುಟ್ಟಿದ್ದು ಮರುಕವಲ್ಲ. ಹಗುರ. ಇನ್ನು ಹೋಲಿಸಲು ಯಾರೂ ಇಲ್ಲ ಎಂಬ ಹಗುರ. ಅದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಕಳೆದ ತಿಂಗಳು ಆ ಪೇಂಟ್ ಅಂಗಡಿಗೆ ಹೋಗಿದ್ದೆ. ಕಣ್ಣಳತೆಯಲ್ಲೇ ಬಣ್ಣ ಬೆರೆಸುತ್ತಿದ್ದ ನೀನು ಯಂತ್ರದ ಗುಂಡಿ ಒತ್ತಿ ಡಬ್ಬಿ ತುಂಬಿಸುತ್ತಿದ್ದೆ. ಮುಚ್ಚಳದ ಮೇಲೆ ಬಣ್ಣದ ನಂಬರು ಬರೆಯಬೇಕಿತ್ತು. ಸ್ಕೆಚ್ ಪೆನ್ನಿನಲ್ಲಿ ನೀನು ಒಂದು 'ಎಂಟು' ಬರೆದೆ. ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ಅದೇ ಕೈ. "ಏನ್ ಮೇಷ್ಟ್ರೇ, ಅಂಗಡಿಗೆ ಹೊಸ ಹೆಸರು ಏನಿಟ್ರಿ?" ಎಂದೆ ನೀನು. ನಾನು ಅಂಗಡಿಯಿಂದ ಹೊರಬಂದೆ.

ನಿನ್ನೆ ಚನ್ನಗಿರಿಗೆ ಹೋಗಿ, ಅದೇ ಅಂಗಡಿಯ ಅದೇ ಏಣಿ ಹತ್ತಿ, ಫ್ಲೆಕ್ಸ್ ಇಳಿಸಿ, ಆ ಪಟ್ಟಿಯನ್ನು ನಾನೇ ಬಿಚ್ಚಿದೆ. ಬೋರ್ಡಿನ ನೀಲಿ ಬಿಸಿಲಿಗೆ ಬೂದುಬಣ್ಣವಾಗಿದೆ, ಕೆಂಪು ನೆರಳು ಹಾರಿಹೋಗಿದೆ. ಪಟ್ಟಿಯಿದ್ದಷ್ಟು ಜಾಗದಲ್ಲಿ ಮಾತ್ರ ಬಣ್ಣ ಮೊದಲಿನಂತೆಯೇ ಇತ್ತು — ಕಡುನೀಲಿ. ಅದರ ಮೇಲೆ ಬೆಳ್ಳಗೆ, 'ಬರೆದವನು ಹಾಲೇಶ, ನ್ಯಾಮತಿ.' ಇದನ್ನು ನನ್ನ ಪರವಾದ ಮಾತೆಂದು ಬರೆಯುತ್ತಿಲ್ಲ. ನಾನು ಹೊಡೆಸಿದ ಬೋಲ್ಟು ನಿನ್ನ ಹೆಸರಿನ ನಡುವೆ ತೂತು ಮಾಡಿದೆ. ಅದರ ಸುತ್ತ ತುಕ್ಕು ಹಿಡಿದಿದೆ. ಅದು ಹೋಗುವುದಿಲ್ಲ.

ಕೆಳಗಿನಿಂದ ಅಳಿಯ ಕೇಳಿದ: "ಇದ್ಯಾರ್ರೀ ಹಾಲೇಶ ಅಂದ್ರೆ?"

"ಕಲಾವಿದರು" ಎಂದೆ. "ನ್ಯಾಮತಿಯಲ್ಲಿದ್ದಾರೆ."

ಏಣಿಯಿಂದಿಳಿದು ಜಗಳೂರಿನ ಆ ಮಹಿಳೆಗೂ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ನಿನ್ನ ನಂಬರನ್ನಷ್ಟೇ ಕೇಳಿ ಬರೆದುಕೊಂಡು ಫೋನ್ ಇಟ್ಟರು. ಕರೆಯುತ್ತಾರೋ ಇಲ್ಲವೋ ನಾನರಿಯೆ.

ನಾಳೆ ಮೊದಲ ಬಸ್ಸಿಗೆ ಈ ಬರಹದ ಒಂದು ಪ್ರತಿಯನ್ನೂ ಪೆಟ್ಟಿಗೆಯನ್ನೂ ಹಿಡಿದು ನ್ಯಾಮತಿಗೆ ಬರುತ್ತೇನೆ. ಮೂರು ವರ್ಷದಲ್ಲಿ ಒಮ್ಮೆಯೂ ಬ್ರಶ್ಶುಗಳಿಗೆ ಎಣ್ಣೆ ಸವರಿರಲಿಲ್ಲ. ಒಂದೆರಡರ ಕೂದಲು ಸೆಟೆದಿವೆ. ಓದಿದ ಮೇಲೆ ನೀನು ನನ್ನನ್ನು ಒಳಗೆ ಕರೆಯಬೇಕಾಗಿಲ್ಲ. ಪೆಟ್ಟಿಗೆಯನ್ನು ನಿನ್ನ ಬಾಗಿಲಲ್ಲಿಟ್ಟು ಹೊರಡುತ್ತೇನೆ.