ಗೆರೆಯ ಮೇಲಿರದ ಇಟ್ಟಿಗೆಗಳು

ಬೆಳಿಗ್ಗೆ ಆರಕ್ಕೆ ಕಸ ಗುಡಿಸುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ರಾತ್ರಿ ಮಲಗುವಾಗ ಕನ್ನಡಿಯಂತಿದ್ದ ನೆಲದ ಮೇಲೆ, ಅಡುಗೆಮನೆಯ ಗೋಡೆಯುದ್ದಕ್ಕೂ, ಯಾರೋ ರಂಗೋಲಿಗೆಂದು ಗೆರೆ ಎಳೆದು ಎದ್ದುಹೋದಂತೆ ತೆಳ್ಳಗೆ ಕೆಂಪು ಹುಡಿ ಬಿದ್ದಿರುತ್ತದೆ. ಗೋಡೆಯೇ ಉದುರುತ್ತಿದೆಯೆಂದು ಒಪ್ಪಿಕೊಳ್ಳುವ ಮೊದಲು ನಾನು ಇರುವೆಗಳ ಮೇಲೂ ಪಕ್ಕದ ಮನೆಯ ಬೆಕ್ಕಿನ ಮೇಲೂ ಅನುಮಾನಪಟ್ಟದ್ದುಂಟು.

ಬೆಂಗಳೂರಿನ ಜೀವನ್ ಬಿಮಾ ನಗರದ ಸಿಮೆಂಟ್ ಮನೆಯಲ್ಲಿದ್ದಾಗ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತಿತ್ತು. ನಿವೃತ್ತಿಯ ಬಳಿಕ ಕಾಕ್ಸ್‌ಟೌನಿನ ಈ ಹಳೆಯ ಹೆಂಚಿನ ಮನೆಗೆ ಬಂದೆವು. ಇಲ್ಲಿ ಬೆರಳೊತ್ತಿದರೆ ಸಾಕು, ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಗಾರೆ ಉದಾರವಾಗಿ ದಾರಿ ಬಿಡುತ್ತದೆ.

ಈ ಗೋಡೆಗೊಂದು ಹಲಗೆ ಬೇಕಾಗಿದ್ದು ನನ್ನ ಹೆಂಡತಿ ಶಾರದೆಯ ಉಪ್ಪಿನಕಾಯಿ ಜಾಡಿಗಳಿಗೆ. ಧಾರವಾಡದ ಅವಳ ತಾಯಿ ಬಳಸಿದ ಪಿಂಗಾಣಿ ಜಾಡಿಗಳು. ತುಂಬಿದರೆ ಒಂದೊಂದನ್ನೂ ಎದೆಗವಚಿಕೊಂಡೇ ಎತ್ತಬೇಕು. ಅವು ಮಂಚದ ಕೆಳಗಿದ್ದವು, ಅವಳಿಗೋ ಮಂಡಿನೋವು. ಒಂದು ದಿನ ತೀರ್ಪು ಬಂತು: "ಬರೋ ರವಿವಾರ ತಂಗಿ ಬರ್ತಾಳ. ಅಷ್ಟರಾಗ ಹಲಗಿ ಆಗಲಿಲ್ಲಂದ್ರ ಜಾಡಿ ಅಕಿ ಜೋಡಿ ಹೋಗ್ತಾವ ನೋಡ್ರಿ." ಹಾಗೆನ್ನುತ್ತಲೇ ಅವಳು ಸೆರಗಿನಿಂದ ಮುಚ್ಚಳ ಒರೆಸುತ್ತಿದ್ದ ರೀತಿಯಲ್ಲೇ, ಕೊಡಲು ಅವಳಿಗೆ ಎಳ್ಳಷ್ಟೂ ಮನಸ್ಸಿಲ್ಲವೆಂದು ತಿಳಿಯುತ್ತಿತ್ತು. ಬಡಗಿಯನ್ನು ಕರೆಯಬಹುದಿತ್ತು. ಆದರೆ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಜೀವಮಾನವಿಡೀ ಪರರ ಕೆಲಸವನ್ನು ಅಳೆದು ಕೊಂಕು ತೆಗೆದವನಿಗೆ, ಇದೊಂದನ್ನಾದರೂ ಸ್ವಹಸ್ತದಿಂದ ಮಾಡಿಯೇ ತೀರಬೇಕೆಂಬ ಹಟ.

ನೆರೆಯ ಫಿಲಿಪ್ಪರ ಡ್ರಿಲ್ಲಿಂಗ್ ಮೆಷಿನ್ ತಂದೆ. ಗುಳ್ಳೆ ನಟ್ಟನಡುವೆ ನಿಲ್ಲುವಂತೆ ರಸಮಟ್ಟವಿಟ್ಟು, ದಿಗಂತವೂ ನಾಚುವಷ್ಟು ನೇರವಾಗಿ ಪೆನ್ಸಿಲ್ ಗೆರೆ ಎಳೆದೆ. ಗೆರೆಯ ಮೇಲೆ ಸಮ ಅಂತರದಲ್ಲಿ ಕೊರೆದು, ತೂತುಗಳಿಗೆ ಪ್ಲಾಸ್ಟಿಕ್ ಪ್ಲಗ್ಗು ತುರುಕಿ, ಸ್ಕ್ರೂ ಬಿಗಿದು ಹಲಗೆ ಕೂರಿಸಿದೆ. ಪರೀಕ್ಷಿಸದೆ ಯಾವುದನ್ನೂ ಪಾಸು ಮಾಡುವವನಲ್ಲವಾದ್ದರಿಂದ ಮೊದಲು ಅಕ್ಕಿ ಚೀಲ ಇಟ್ಟೆ. ಹಲಗೆ ಕ್ಷಣಕಾಲ ಆಲೋಚಿಸಿ, ಗಾರೆ, ಪ್ಲಗ್ಗು, ಅಕ್ಕಿ ಸಮೇತ ನನ್ನ ಪಾದಕ್ಕೆರಗಿತು.

"ಏನ್ ಸಾರ್, ನೀವು ಗೋಡೆ ಒಡೀತಿದ್ದೀರಾ, ಇಲ್ಲ ಗೋಡೇನೇ ನಿಮ್ಮನ್ನ ಒಡೀತಿದೆಯಾ?" ಎಂದರು ಫಿಲಿಪ್, ಕಾಂಪೌಂಡಿನ ಮೇಲಿಂದ ಕತ್ತು ಚಾಚಿ.

ಶಿವಾಜಿನಗರಕ್ಕೆ ಹೋಗಿ ಇನ್ನೂ ಉದ್ದದ ಸ್ಕ್ರೂ ತಂದು, ಅದೇ ಗೆರೆಯ ಮೇಲೆ ಮತ್ತೆ ಬಿಗಿದೆ. ಮತ್ತೆ ಬಿತ್ತು. ಶಾರದೆ ಬಾಗಿಲಲ್ಲಿ ನಿಂತು ಗೋಡೆಯನ್ನು ಪರಾಮರ್ಶಿಸಿದಳು. "ಗೆರಿ ಮಾತ್ರ ಭಾಳ ಛಂದ ಅದ. ಜಾಡಿ ಅದರ ಮ್ಯಾಲೇ ಇಡ್ಲೇನ್ರಿ?"

ಆ ಸಿಟ್ಟಿನಲ್ಲಿ ಗಾರೆಯನ್ನೊಂದಷ್ಟು ಕೆರೆದು ನೋಡಿದೆ. ನನ್ನ ಗೆರೆ ಎರಡು ಇಟ್ಟಿಗೆ ಸಾಲುಗಳ ನಡುವಿನ ಸಂದಿಯಲ್ಲೇ ಈ ತುದಿಯಿಂದ ಆ ತುದಿಗೆ ಸಾಗಿತ್ತು. ಅಲ್ಲಿನ ಸುಣ್ಣ ಹಿಟ್ಟಾಗಿತ್ತು. ಗೋಡೆಯಲ್ಲಿ ಗಟ್ಟಿ ಇಟ್ಟಿಗೆಗಳಿಗೆ ಬರವಿರಲಿಲ್ಲ. ಅವು ನನ್ನ ಗೆರೆಯ ಮೇಲಿರಲಿಲ್ಲ, ಅಷ್ಟೇ.

ನಿಮ್ಮ ಮನೆಯೂ ಹಳೆಯದಾಗಿದ್ದರೆ ಕೇಳಿ. ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಮೆಲ್ಲಗೆ ತಟ್ಟುತ್ತ ಹೋದೆ. ಟೊಳ್ಳು ಸದ್ದು ಬಂದಲ್ಲಿ ಮುಂದಕ್ಕೆ ನಡೆದೆ, ಗಟ್ಟಿ ದನಿ ಬಂದಲ್ಲಿ ಇಟ್ಟಿಗೆಯ ಹೊಟ್ಟೆಗೇ ಕೊರೆದೆ. ಎರಡು ಮರದ ಪಟ್ಟಿಗಳನ್ನು ಗೋಡೆಗೆ ಉದ್ದುದ್ದ ನಿಲ್ಲಿಸಿ, ಒಂದು ಸ್ಕ್ರೂ ಮೇಲೆ, ಇನ್ನೊಂದು ಕೆಳಗೆ, ಮತ್ತೊಂದು ಎಲ್ಲೋ ಅಂಚಿನಲ್ಲಿ, ಹೀಗೆ ಇಟ್ಟಿಗೆ ಸಿಕ್ಕಲ್ಲೆಲ್ಲ ಬಿಗಿದೆ. ಆ ಅವ್ಯವಸ್ಥೆಯನ್ನು ನೋಡಿ ಕಣ್ಣು ನೊಂದವು. ಆಮೇಲೆ ಆ ಪಟ್ಟಿಗಳಿಗೆ, ರಸಮಟ್ಟಕ್ಕೆ ಸರಿಯಾಗಿ, ಹಲಗೆ ಜೋಡಿಸಿದೆ. ಶನಿವಾರ ಅಕ್ಕಿ ಚೀಲದ ಮೇಲೆ ರಾಗಿ ಚೀಲ ಹೇರಿದೆ. ಹಲಗೆ ಈ ಸಲ ಆಲೋಚಿಸಲಿಲ್ಲ.

ಆರಕ್ಕೆ ಪೊರಕೆ, ಏಳಕ್ಕೆ ಕಾಫಿ ಎಂಬ ನನ್ನ ದಿನಚರಿಯ ನೇರ ಹಲಗೆಯೂ ಹೀಗೆಯೇ ನಿಂತಿರಬೇಕು. ಹಾಲಿನವನು ಬಾರದ ದಿನ, ನಲ್ಲಿ ಬತ್ತಿದ ದಿನ, ಶಾರದೆ ಅದರ ಹಿಂದೆ ಎಲ್ಲೆಲ್ಲಿ ಸ್ಕ್ರೂ ಬಿಗಿದಳೋ, ಮುಂದೆ ಕೂತು ಲೋಟ ಹಿಡಿದವನಿಗೆ ಕಂಡದ್ದಿಲ್ಲ.

ಭಾನುವಾರ ನಾದಿನಿ ದೊಡ್ಡ ಚೀಲದೊಂದಿಗೇ ಬಂದಳು. "ಜಾಡಿ ಕೊಡ್ತೀನಿ ಅಂದಿದ್ದಿಯಲ್ಲ ಅಕ್ಕಾ?"

"ಉಪ್ಪಿನಕಾಯಿ ಕೊಡ್ತೀನಿ, ಡಬ್ಬಿ ತಾ" ಎಂದಳು ಶಾರದೆ, ಹಲಗೆಯ ಮೇಲಿನ ಜಾಡಿಯ ಮುಚ್ಚಳವನ್ನು ಬಗ್ಗದೆಯೇ ತೆರೆಯುತ್ತ.

ಕೆಂಪು ಹುಡಿ ಈಗಲೂ ಬೀಳುತ್ತದೆ. ಗುಡಿಸುವ ಮೊದಲು ಪೊರಕೆಯ ಹಿಡಿಯಿಂದ ಪಟ್ಟಿಯನ್ನೊಮ್ಮೆ ತಟ್ಟಿ, ಗಟ್ಟಿ ಉತ್ತರ ಬಂದ ಮೇಲೆ ಗುಡಿಸುತ್ತೇನೆ. ಇದರಿಂದ ಕಾಫಿ ಏಳು ದಾಟುತ್ತದೆ. ದಾಟಲಿ.