ಹತ್ತು ದೇಶಗಳ ಒಂದೇ ಫೋಟೋ

ಅಮೆರಿಕದ ಬರ್ಕ್ಲಿಯ ಒಂದು ಲೈಬ್ರರಿಯಲ್ಲಿ ಪರದೇಶದ ಪತ್ರಿಕೆಗಳನ್ನು ಜೋಡಿಸಿಡುವುದು ಆಗ ನನ್ನ ಕೆಲಸ. ಒಂದು ಮಧ್ಯಾಹ್ನ, ಸಂಶೋಧನೆ ಮಾಡುತ್ತಿದ್ದ ಮೈಸೂರಿನ ಶಾರದಾ ನೆಲದ ತುಂಬ ಪತ್ರಿಕೆ ಹರಡಿಕೊಂಡು ಕೂತಿದ್ದಳು. ಅಕ್ಷರವಿರುವ ಕಾಗದವನ್ನು ದಾಟಬಾರದೆಂದು ಊರಿನ ಶಾಲೆಯಲ್ಲಿ ಕಲಿತವನು ನಾನು. ಮೂಲೆಯಲ್ಲೇ ಸಿಕ್ಕಿಕೊಂಡೆ.

"ದಾಟಿ ಬನ್ನಿ ಮಾಮ, ಜರ್ಮನ್ ಸರಸ್ವತಿ ಬೇಜಾರು ಮಾಡ್ಕೊಳ್ಳಲ್ಲ."

"ಭಾಷೆ ಯಾವುದಾದರೇನಮ್ಮ, ನೀನೇ ಎತ್ತಿಡು."

ಅವಳಿಗೆ ಪುರುಸೊತ್ತಿರಲಿಲ್ಲ. ಯುರೋಪಿನ ಹತ್ತು ದೇಶಗಳು ರಕ್ಷಣೆಯ ವಿಚಾರದಲ್ಲಿ ಒಟ್ಟಾಗಿ ಹೇಳಿಕೆ ಕೊಟ್ಟಿದ್ದವು. ಅಲ್ಲಿನ ಪತ್ರಿಕೆಗಳೂ ಅದನ್ನು ಒಂದೇ ದನಿಯಲ್ಲಿ ಬರೆದಿವೆ ಎಂದು ಮರುದಿನ ಪ್ರೊಫೆಸರಿಗೆ ತೋರಿಸಬೇಕಿತ್ತು. ಇಲ್ಲವಾದರೆ ಎರಡು ವರ್ಷದ ಕೆಲಸ ನೀರುಪಾಲು.

ನನಗೆ ಆ ಭಾಷೆಗಳು ಬಾರವು. ನಿಂತಲ್ಲಿಂದ ಫೋಟೋಗಳನ್ನು ನೋಡಿದೆ. ಮಂತ್ರಿಗಳು ಸಾಲಾಗಿ ನಿಂತ ಅದೇ ಫೋಟೋ ಎಲ್ಲದರಲ್ಲೂ ಇತ್ತು, ಆದರೆ ಒಂದೊಂದು ಪತ್ರಿಕೆಯಲ್ಲಿ ಒಬ್ಬೊಬ್ಬರು ನಟ್ಟನಡುವೆ. ಅಂಚಿನವರ ತೋಳು, ಕಿವಿ ಕತ್ತರಿಗೆ ಹೋಗಿದ್ದವು.

"ಎಲ್ಲರೂ ತಮ್ಮ ತಮ್ಮ ಮಂತ್ರೀನೇ ಮದುಮಗ ಮಾಡ್ಕೊಂಡಿದಾರಲ್ಲಮ್ಮ!"

ಶಾರದಾ ಒಂದೊಂದಾಗಿ ನೋಡಿ ತಲೆಯ ಮೇಲೆ ಕೈ ಹೊತ್ತಳು. ಸ್ವಲ್ಪ ಹೊತ್ತಿನ ಮೇಲೆ ನಕ್ಕು, "ಹೇಳಿಕೆ ಒಂದೇ, ದನಿ ಹತ್ತು ಅಂತ ಇದನ್ನೇ ಬರೀತೀನಿ ಮಾಮ, ಕೆಲಸ ಉಳೀತು," ಎಂದಳು. "ನಮ್ಮ ದೇಶದ ಪತ್ರಿಕೆ ಏನನ್ನುತ್ತೆ?"

"ನಮಗೆ ಇದರಲ್ಲಿ ಪಾಲಿಲ್ಲವಲ್ಲ, ನಮ್ಮವರು ಇದ್ದದ್ದು ಇದ್ದ ಹಾಗೆ ಬರೆದಿರ್ತಾರೆ," ಎಂದು ಹೆಮ್ಮೆಯಿಂದ ಪಕ್ಕದ ಗೂಡಿನಿಂದ ನಮ್ಮದೊಂದು ಪತ್ರಿಕೆ ತೆಗೆದೆ.

ತಲೆಬರಹ ಹೀಗಿತ್ತು: "ಹತ್ತು ದೇಶಗಳ ಹೇಳಿಕೆ: ಭಾರತದ ಪ್ರಸ್ತಾಪವಿಲ್ಲ."

ಸುಳ್ಳೇಕೆ ಹೇಳಲಿ, ಓದಿ ನನಗೂ ಸ್ವಲ್ಪ ಬೇಜಾರೇ ಆಯಿತು.