ಬಣ್ಣದ ಮೇಲೆ ಕಚ್ಚಿದ ಕ್ಲಿಪ್ಪು

ಸಾಂಕೋಲೆಯ ಐಸ್ ಫ್ಯಾಕ್ಟರಿಯಲ್ಲಿ ಪರಮಣ್ಣ ಹದಿನೆಂಟು ವರ್ಷಗಳಿಂದ ಎಲೆಕ್ಟ್ರಿಷಿಯನ್. ತಾಳಿಕೋಟೆ ಕಡೆಯಿಂದ ಗೋವಾಕ್ಕೆ ಬಂದಾಗ ಕಲ್ಲು ಹೊತ್ತವನು; ಸುಟ್ಟ ಮೋಟರುಗಳನ್ನು ಬಿಚ್ಚಿ ಬಿಚ್ಚಿಯೇ ಕೆಲಸ ಕಲಿತವನು. ಫ್ಯಾಕ್ಟರಿಯ ಮೆಗ್ಗರ್ ಅವನ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಹಿಡಿಕೆ ತಿರುಗಿಸಿದರೆ, ಮೋಟರಿನೊಳಗಿನ ತಂತಿಯಿಂದ ಅದರ ಮೈಗೆ ಕರೆಂಟು ಸೋರುತ್ತಿದೆಯೋ ಇಲ್ಲವೋ ಎಂದು ಮುಳ್ಳು ತೋರಿಸುವ ಹಳೆಯ ಯಂತ್ರ. ಮಳೆಗಾಲ ಬಂತೆಂದರೆ "ಪರಮಣ್ಣನ್ನ ಕರೀರಿ" ಎಂಬ ಕೂಗು ದಿನಕ್ಕೆ ನಾಲ್ಕು ಸಲ ಏಳುತ್ತಿತ್ತು.

ಹೋದ ವರ್ಷ ಪರ್ವೀನ ಕೆಲಸಕ್ಕೆ ಸೇರಿದಳು. ಝುವಾರಿನಗರದಲ್ಲೇ ಹುಟ್ಟಿ ಬೆಳೆದು ಐಟಿಐ ಮುಗಿಸಿದ ಹುಡುಗಿ. ಮೊದಲ ವಾರ ಪರಮಣ್ಣನೇ ಎಲ್ಲ ತೋರಿಸಿಕೊಟ್ಟ. "ಮೋಟರ್ ಚಾಲೂ ಆಗೋ ಮುಂದ ಅದರ ಮೈಮ್ಯಾಲ ಕೈ ಇಡು. ಬೇರಿಂಗ್ ಕೆಟ್ಟಿದ್ರ ಅಂಗೈಗೆ ತಿಳೀತೈತಿ" ಎಂದಿದ್ದ.

ಆಮೇಲೆ ಕಂಪನಿಯವರು ಅಂಗೈಯಗಲದ ಹೊಸ ಮೆಗ್ಗರ್ ತರಿಸಿದರು. ಗುಂಡಿ ಒತ್ತಿದರೆ ಅಂಕಿಯೇ ಮೂಡುವಂಥದ್ದು. ಸುಪರ್‌ವೈಸರ್ ಫರೀದ ಅದನ್ನು ನೇರವಾಗಿ ಪರ್ವೀನಳ ಕೈಗಿತ್ತ. ಅಂದಿನಿಂದ ಪರಮಣ್ಣನಿಗೆ ಹೊಟ್ಟೆಕಿಚ್ಚು. ಅವಳು ಅಂಕಿ ಓದಿದರೆ ಅವನ ಕಿವಿ ಬಿಸಿಯಾಗುತ್ತಿತ್ತು.

"ಗುಂಡಿ ಒತ್ತೋದು ಏನ್ ದೊಡ್ಡ ವಿದ್ಯಾ?" ಎಂದು ಮನೆಯಲ್ಲಿ ಹೆಂಡತಿ ಸತ್ಯವ್ವನ ಮುಂದೆ ಕಾರಿಕೊಳ್ಳುತ್ತಿದ್ದ. "ಒಂದಿನ ತಪ್ಪತಾಳ ನೋಡು ಆಕಿ."

ಆ ದಿನ ಜುಲೈನಲ್ಲಿ ಬಂತು. ಪಂಪಿನ ಕೋಣೆಗೆ ಮಳೆನೀರು ನುಗ್ಗಿತ್ತು. ನೀರು ಹೊರಹಾಕಿದ ಮೇಲೆ ಪರ್ವೀನ ಮೋಟರಿನ ವೈರು ಬಿಚ್ಚಿ, ಮೆಗ್ಗರಿನ ಒಂದು ಕ್ಲಿಪ್ಪನ್ನು ಒಳತಂತಿಯ ತುದಿಗೆ, ಇನ್ನೊಂದನ್ನು ಮೋಟರಿನ ಕಾಲಿಗೆ ಕಚ್ಚಿಸಿದಳು. ಬಾಗಿಲಲ್ಲಿ ನಿಂತಿದ್ದ ಪರಮಣ್ಣ ನೋಡಿದ. ಆ ಕಾಲಿಗೆ ಮೇ ತಿಂಗಳಲ್ಲಷ್ಟೇ ಹಸಿರು ಬಣ್ಣ ಬಳಿದಿದ್ದರು. ಕ್ಲಿಪ್ಪು ಬಣ್ಣದ ಮೇಲಿತ್ತು, ಕಬ್ಬಿಣಕ್ಕೆ ತಾಗಿರಲೇ ಇಲ್ಲ. ಹಾಗಿದ್ದಾಗ ಎಂಥ ತೊಯ್ದ ಮೋಟರನ್ನೂ ಮೆಗ್ಗರ್ ಚಲೋ ಅಂತಲೇ ತೋರಿಸುತ್ತದೆ.

ಪರ್ವೀನ ಗುಂಡಿ ಒತ್ತಿ, ಪಕ್ಕದಲ್ಲಿದ್ದ ಫರೀದನಿಗೆ ಹೇಳಿದಳು, "ಫುಲ್ ತೋರಸಾಕತ್ತೈತ್ರಿ ಸಾಹೇಬ್ರ."

ಪರಮಣ್ಣ ಬಾಯಿ ಬಿಡಲಿಲ್ಲ. ಫ್ಯೂಸ್ ಹಾರಲಿ, ಮೋಟರು ಹೊಗೆಯಾಡಲಿ, ಆಗ ತನ್ನನ್ನೇ ಕರೆಯುತ್ತಾರೆ ಎಂದುಕೊಂಡ. ಅವಳು ವೈರು ಮತ್ತೆ ಜೋಡಿಸಿದಳು. ಫರೀದ ಸ್ವಿಚ್ಚಿನತ್ತ ನಡೆದ. ಪರ್ವೀನ ನಡು ಬಗ್ಗಿಸಿ ಒದ್ದೆ ನೆಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಮೋಟರಿನ ಮೈಮೇಲೆ ಅಂಗೈ ಇಟ್ಟಳು.

"ಸ್ವಿಚ್ ಹಾಕಬ್ಯಾಡ್ರಿ!"

ಫರೀದ ತಿರುಗಿ ನೋಡಿದ. ಪರಮಣ್ಣ ಓಡಿಬಂದು ಅವಳ ತೋಳು ಹಿಡಿದು ಎಳೆದಿದ್ದ. ವೈರು ಮತ್ತೆ ಬಿಚ್ಚಿ, ಅರದಿಂದ ಬಣ್ಣ ಕೆರೆದು ತಾನೇ ಕ್ಲಿಪ್ಪು ಹಾಕಿದ. ಕನಿಷ್ಠ ಒಂದಾದರೂ ಬರಬೇಕಿದ್ದಲ್ಲಿ ಸೊನ್ನೆ ಪಾಯಿಂಟ್ ಎರಡು ಬಂತು. ಸ್ವಿಚ್ ಹಾಕಿದ್ದರೆ ಕರೆಂಟು ಮೋಟರಿನ ಮೈಗೇ ಬರುತ್ತಿತ್ತು.

"ಶಾಬಾಸ್ ಪರಮಣ್ಣ! ಅದಕ್ಕs ಹಳೇ ಮಂದಿ ಬೇಕು" ಎಂದ ಫರೀದ.

ಒಂದು ವರ್ಷದಿಂದ ಹಸಿದು ಕಾದಿದ್ದ ಮಾತು. ಈಗ ಅವನಿಗೆ ಅದು ಬೇಡವಾಗಿತ್ತು.

ಪರ್ವೀನ ಅವನನ್ನೇ ನೋಡುತ್ತಿದ್ದಳು. "ನೀವು ಯಾವಾಗ ನೋಡಿದ್ರಿ?"

ಸುಳ್ಳು ಬಾಯಿಯ ತನಕ ಬಂದಿತ್ತು. "ಮೊದಲs ನೋಡೇನಿ" ಎಂದ. "ನೀ ಕ್ಲಿಪ್ ಹಾಕಿದಾಗs."

"ಹಂಗಾರ ಯಾಕ ಸುಮ್ನಿದ್ರಿ?"

"ನೀ ತಪ್ಪಲಿ ಅಂತ. ಕೈ ಇಡ್ತಿ ಅನ್ನೋದು ತಲಿಗೆ ಬರಲಿಲ್ಲ ಯವ್ವಾ."

ಅವಳು ಎದ್ದು ಹೊರಗೆ ಹೋದಳು. ಫರೀದ ಅವನನ್ನು ಹದಿನೈದು ದಿನ ಐಸ್ ಗಟ್ಟಿ ಇಳಿಸುವ ಕೆಲಸಕ್ಕೆ ಹಾಕಿದ. ಪರಮಣ್ಣ ತಕರಾರು ಮಾಡಲಿಲ್ಲ. ಬಲ್ಬಿನ ಶಾಖದಲ್ಲಿ ಆ ಮೋಟರನ್ನು ಒಣಗಿಸಲು ಎರಡು ದಿನ ಹಿಡಿಯಿತು, ಅದನ್ನು ಪರ್ವೀನಳೇ ಕಾದಳು.

ಹದಿನಾರನೇ ದಿನ ಅವನು ಪಂಪಿನ ಕೋಣೆಗೆ ಮರಳಿದಾಗ ಅವಳು ಬೇರೊಂದು ಮೋಟರು ಪರೀಕ್ಷಿಸುತ್ತಿದ್ದಳು. ಮೆಗ್ಗರ್ ಕಂಡ ಕೂಡಲೇ ಎದೆಯಲ್ಲಿ ಅದೇ ಚಳುಕು ಎದ್ದಿತು. ಅದು ಹೋಗಿರಲಿಲ್ಲ. ಆದರೂ ಹತ್ತಿರ ಹೋಗಿ ಕೂತ.

"ಎಡಗಡೆ ನಟ್ಟಿಗೆ ತುಕ್ಕೈತಿ ನೋಡು, ಅದನ್ನ ಬಿಟ್ಟು ಬಲಗಡೆ ಹಾಕು" ಎಂದ.

ಪರ್ವೀನ ಅವನ ಮುಖ ನೋಡಲಿಲ್ಲ. ಕ್ಲಿಪ್ಪನ್ನು ಮಾತ್ರ ಬಲಗಡೆಗೆ ಸರಿಸಿದಳು.